ಗ್ರಾಫ್ ಬಿದ್ದ ದಿನ ಏನನ್ನೂ ಅಳಿಸಬೇಡಿ

ಮೈಸೂರಿನಲ್ಲಿ ಕನ್ನಡ ಜಾಲತಾಣ ನಡೆಸುವವರ ಮುಂದೆ ಆಡಿದ ಮಾತಿನ ಬರಹ ರೂಪ

2025ರ ಆಗಸ್ಟ್ ಮೊದಲ ವಾರ. ಬೆಳಿಗ್ಗೆ ಆರೂವರೆಗೆ ಮಂಡ್ಯದ ಹುಡುಗನೊಬ್ಬ ಫೋನ್ ಮಾಡಿದ. ಕಬ್ಬು, ಭತ್ತ, ಬೆಲ್ಲ, ರೇಷ್ಮೆ, ನಾಲೆ ನೀರು ಅಂತ ನಮ್ಮ ಕಡೆಯ ಬೇಸಾಯದ ವಿಷಯವನ್ನೇ ಬರೆಯುವ ತಾಣ ಅವನದು. ಐದು ವರ್ಷದಿಂದ ಒಬ್ಬನೇ ನಡೆಸುತ್ತಿದ್ದಾನೆ. "ಅಕ್ಕ, ಎಲ್ಲಾ ಮುಗ್ದೋಯ್ತು ಕಣಕ್ಕ. ಗೂಗಲ್‌ನೋರು ನನ್ ಸೈಟ್‌ನೇ ತೆಗೆದಾಕ್ಬುಟ್ಟವ್ರೆ" ಅಂದ. ಏನು ಕಡಿಮೆಯಾಗಿದೆ ಅಂತ ಕೇಳಿದೆ. "ಎಲ್ಲಾನೂವೆ" ಅಂದ. ಯಾವತ್ತಿನಿಂದ ಅಂದೆ. ಅದು ಅವನಿಗೆ ಗೊತ್ತಿರಲಿಲ್ಲ. ಆದರೆ ಅಷ್ಟರಲ್ಲಿ ರಾತ್ರಿಯೆಲ್ಲ ಕೂತು ನಲವತ್ತು ಹಳೆಯ ಬರಹ ಅಳಿಸಿದ್ದ, ಉಳಿದವುಗಳಲ್ಲಿ ಎಷ್ಟೋ ಬರಹದ ಶೀರ್ಷಿಕೆ ಬದಲಿಸಿದ್ದ, ತಾಣದ ಹೊರರೂಪ, ಅಂದರೆ ಥೀಮ್ ಕೂಡ ಹೊಸದು ಹಾಕಿದ್ದ. ಹಾಗೆ ಮಾಡಿದರೆ ಮೇಲೆ ಬರುತ್ತದೆ ಅಂತ ಯಾವುದೋ ವಿಡಿಯೊದಲ್ಲಿ ಹೇಳಿದ್ದರಂತೆ.

ನನಗೆ ಹೊಟ್ಟೆ ಉರಿಯಿತು. ಅವನ ಮೇಲಲ್ಲ. ಐದು ವರ್ಷ ಬೆವರು ಸುರಿಸಿದವನು ಗಾಬರಿ ಬಿದ್ದಾಗ ಕೈಗೆ ಸಿಕ್ಕಿದ್ದು ಅಂಥ ಸಲಹೆ ಅನ್ನುವುದಕ್ಕೆ. ಜ್ವರ ಯಾತರದು ಅಂತ ತಿಳಿಯುವ ಮೊದಲೇ ನಾಲ್ಕು ಬಗೆಯ ಮಾತ್ರೆ ನುಂಗಿದರೆ, ಆಮೇಲೆ ಬಂದದ್ದು ಜ್ವರದ ಲಕ್ಷಣವೋ ಮಾತ್ರೆಯದ್ದೋ ಅಂತ ಡಾಕ್ಟರಿಗೂ ತಿಳಿಯುವುದಿಲ್ಲ. ನಾನು ಅವನಿಗೆ ಹೇಳಿದ ಮೊದಲ ಕೆಲಸ ಇಷ್ಟೇ: ಕಸದ ಬುಟ್ಟಿಯಲ್ಲಿರುವ ನಲವತ್ತೂ ಬರಹವನ್ನು ವಾಪಸ್ ತೆಗಿ. ವರ್ಡ್‌ಪ್ರೆಸ್ (ಅವನ ತಾಣ ನಡೆಯುವ ತಂತ್ರಾಂಶ) ಅಳಿಸಿದ್ದನ್ನು 30 ದಿನ ಬುಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ, ಆಮೇಲೆ ತಾನಾಗಿ ಸುರಿದುಬಿಡುತ್ತದೆ. ಪುಣ್ಯಕ್ಕೆ ಇನ್ನೂ ಒಂದು ದಿನವೂ ಆಗಿರಲಿಲ್ಲ. ಹಳೆಯ ಥೀಮ್ ಹಾಕು, ಶೀರ್ಷಿಕೆಗಳನ್ನು ಮೊದಲಿನಂತೆ ಮಾಡು, ಆಮೇಲೆ ಕಂಪ್ಯೂಟರ್ ತಗೊಂಡು ಮೈಸೂರಿಗೆ ಬಾ ಅಂದೆ. ಅವತ್ತು ಮಧ್ಯಾಹ್ನ ನಾವಿಬ್ಬರೂ ಕೂತು ನೋಡಿದ್ದನ್ನೇ ಇವತ್ತು ನಿಮಗೆ ಹೇಳುತ್ತೇನೆ. ನಡುವೆ ನನ್ನದೇ ತಾಣದ ಕಥೆಯೂ ಬರುತ್ತದೆ.

ನಿಮ್ಮ ತಾಣ ಹುಡುಕಾಟದಲ್ಲಿ ಹೇಗಿದೆ ಅಂತ ಗೂಗಲ್ ತಾನೇ ತೋರಿಸುವ ಉಪಕರಣ ಸರ್ಚ್ ಕನ್ಸೋಲ್. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ನಾಲ್ಕು ಅಂಕಿ ಇವೆ: ಕ್ಲಿಕ್, ಇಂಪ್ರೆಶನ್ (ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿದಿರಿ), ಸಿಟಿಆರ್ (ಕಂಡದ್ದರಲ್ಲಿ ಶೇಕಡಾ ಎಷ್ಟು ಸಲ ಕ್ಲಿಕ್ ಆಯಿತು), ಸರಾಸರಿ ಪೊಸಿಷನ್ (ಎಷ್ಟನೆಯ ಜಾಗ). ಪುಟ ತೆರೆದಾಗ ಮೊದಲ ಎರಡು ಮಾತ್ರ ಗ್ರಾಫಿನಲ್ಲಿ ಕಾಣುತ್ತವೆ, ಉಳಿದೆರಡನ್ನು ನೀವೇ ಒತ್ತಬೇಕು. ನಮ್ಮಲ್ಲಿ ಹೆಚ್ಚಿನವರು ಒತ್ತುವುದೇ ಇಲ್ಲ. ಕ್ಲಿಕ್ಕಿನ ಗೆರೆ ಇಳಿಯಿತು ಅಂದರೆ ರ‍್ಯಾಂಕ್ ಹೋಯಿತು ಅಂತ ತೀರ್ಮಾನ ಮಾಡಿಬಿಡುತ್ತೇವೆ. ನಾಲ್ಕನ್ನೂ ಜೊತೆಗಿಟ್ಟು ನೋಡಿ. ಪೊಸಿಷನ್ ಇದ್ದಲ್ಲೇ ಇದೆ, ಇಂಪ್ರೆಶನ್ ಇಳಿದಿದೆ ಅಂದರೆ ಜನ ಆ ವಿಷಯ ಹುಡುಕುವುದೇ ಕಡಿಮೆಯಾಗಿದೆ. ನಿಮ್ಮ ಅಂಗಡಿ ಅಲ್ಲೇ ಇದೆ, ಬೀದಿಯಲ್ಲಿ ಜನ ಇಲ್ಲ. ಪೊಸಿಷನ್ನೂ ಇಂಪ್ರೆಶನ್ನೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ಹುಡುಕಾಟದ ಪುಟದಲ್ಲಿ ನಿಮ್ಮ ಮೇಲೆ ಇನ್ನೇನೋ ಬಂದು ಕೂತಿದೆ. ಪೊಸಿಷನ್ನೇ ಜಾರಿದ್ದರೆ ಅದು ನಿಜವಾಗಿ ರ‍್ಯಾಂಕ್ ಕಳೆದುಕೊಂಡದ್ದು. ಎಲ್ಲವೂ ಒಂದೆರಡು ದಿನದಲ್ಲಿ ನೆಲ ಕಚ್ಚಿದ್ದರೆ ಬರಹದ ಕಡೆ ನೋಡಲೇ ಬೇಡಿ, ತಾಣದ ಯಂತ್ರದಲ್ಲೇ ಏನೋ ಕೆಟ್ಟಿದೆ.

ಸರಾಸರಿ ಪೊಸಿಷನ್ ಬಗ್ಗೆ ಒಂದು ಎಚ್ಚರಿಕೆ. ಇಡೀ ತಾಣದ ಸರಾಸರಿ ನೋಡಿ ಅಳಬೇಡಿ, ನಗಲೂ ಬೇಡಿ. ನಿಮ್ಮ ಬರಹ ಹೊಸದಾಗಿ ಇನ್ನೂರು ಹುಡುಕಾಟಗಳಲ್ಲಿ ಎಪ್ಪತ್ತನೆಯ ಜಾಗದಲ್ಲಿ ಕಾಣಿಸಿಕೊಳ್ಳತೊಡಗಿದರೆ ಸರಾಸರಿ ಕೆಡುತ್ತದೆ, ಆದರೆ ನೀವು ಕಳೆದುಕೊಂಡದ್ದು ಏನೂ ಇಲ್ಲ. ಇದಕ್ಕೆ ತಿರುವುಮುರುವು 2025ರ ಸೆಪ್ಟೆಂಬರ್‌ನಲ್ಲಿ ಆಯಿತು. ಒಂದೇ ಪುಟದಲ್ಲಿ ನೂರು ಫಲಿತಾಂಶ ತೋರಿಸುವಂತೆ ವಿಳಾಸದ ತುದಿಗೆ ಒಂದು ಸೂಚನೆ ಸೇರಿಸುವ ದಾರಿ ಮೊದಲು ಇತ್ತು. ರ‍್ಯಾಂಕ್ ಅಳೆಯುವ ತಂತ್ರಾಂಶಗಳು ಅದನ್ನೇ ಬಳಸುತ್ತಿದ್ದವು. ಗೂಗಲ್ ಆ ದಾರಿ ಮುಚ್ಚಿತು. ಯಂತ್ರಗಳು ನೋಡಿದ್ದೂ ಇಂಪ್ರೆಶನ್ ಲೆಕ್ಕಕ್ಕೆ ಬರುತ್ತಿದ್ದರಿಂದ, ಎಷ್ಟೋ ತಾಣಗಳ ಇಂಪ್ರೆಶನ್ ಸರ್ರನೆ ಇಳಿಯಿತು, ಸರಾಸರಿ ಪೊಸಿಷನ್ ಮಾತ್ರ ಉತ್ತಮವಾದಂತೆ ಕಂಡಿತು. ಕ್ಲಿಕ್ ಕದಲಲಿಲ್ಲ. ಅದೇ ಹುಡುಗ ಆಗ ಮತ್ತೆ ಫೋನ್ ಮಾಡಿದ. ಈ ಸಲ ಏನನ್ನೂ ಅಳಿಸದೆ ಮಾಡಿದ್ದ. ನನಗೆ ಅದೇ ದೊಡ್ಡ ಸಮಾಧಾನ.

ಈಗ ಕ್ಯಾಲೆಂಡರ್ ಮಾತು. ಇದು ಮೈಸೂರಿನವರಿಗೆ ಬೇರೆಯವರಿಗಿಂತ ಹೆಚ್ಚು ತಿಳಿದಿರಬೇಕು. ನನ್ನ ತಾಣದಲ್ಲಿ ದಸರಾ ಬರಹಗಳೇ ಹೆಚ್ಚು: ಜಂಬೂಸವಾರಿ ಹೊರಡುವ ಹೊತ್ತು, ಪಂಜಿನ ಕವಾಯತು, ಅರಮನೆ ದೀಪ, ಗೊಂಬೆ ಕೂರಿಸುವುದು. ಒಂದು ಅಕ್ಟೋಬರ್‌ನಲ್ಲಿ ಹಿಂದಿನ ಅಕ್ಟೋಬರ್ ಜೊತೆ ಹೋಲಿಸಿ ನೋಡಿದರೆ ತಿಂಗಳ ಕೊನೆಯ ಎರಡು ವಾರ ಪಾತಾಳಕ್ಕೆ ಹೋಗಿತ್ತು. ಕಾರಣ ಇಷ್ಟೇ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2024ರಲ್ಲಿ 12ಕ್ಕೆ, 2025ರಲ್ಲಿ ಗಾಂಧಿ ಜಯಂತಿಯ ದಿನವೇ, ಅಂದರೆ 2ಕ್ಕೆ. ಸರ್ಚ್ ಕನ್ಸೋಲಿಗೆ ಪಂಚಾಂಗ ಗೊತ್ತಿಲ್ಲ. "ಹಿಂದಿನ ವರ್ಷದ ಇದೇ ಅವಧಿ" ಅಂತ ಒತ್ತಿದರೆ ಅದು ತಾರೀಖಿಗೆ ತಾರೀಖು ಹೋಲಿಸುತ್ತದೆ, ತಿಥಿಗೆ ತಿಥಿ ಅಲ್ಲ. ಹಬ್ಬದ ಬರಹ ಇರುವವರು ಕಸ್ಟಮ್ ಅವಧಿ ಆರಿಸಿ, ಈ ವರ್ಷದ ಪಾಡ್ಯದಿಂದ ದಶಮಿವರೆಗಿನ ದಿನಗಳನ್ನು ಹೋದ ವರ್ಷದ ಪಾಡ್ಯದಿಂದ ದಶಮಿವರೆಗಿನ ದಿನಗಳ ಜೊತೆ ಇಟ್ಟು ನೋಡಬೇಕು. ಯುಗಾದಿ, ಗೌರಿ, ದೀಪಾವಳಿ ಎಲ್ಲಕ್ಕೂ ಹೀಗೆಯೇ. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಟ್ಟುಕೊಳ್ಳುವುದರಿಂದ, ಮೂರು ದಸರಾ ಹೋಲಿಸಬೇಕೆಂದರೆ ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಹುಡುಗನ ತಾಣಕ್ಕೆ ಬರೋಣ. ಪುಟಗಳ ಪಟ್ಟಿ ತೆರೆದು ಜುಲೈ 2025ನ್ನು ಜುಲೈ 2024ರ ಜೊತೆ ಇಟ್ಟೆವು. ಕ್ಲಿಕ್ ವ್ಯತ್ಯಾಸದ ಮೇಲೆ ಜೋಡಿಸಿದಾಗ "ಎಲ್ಲಾನೂ" ಅಂದಿದ್ದು ಎರಡೇ ಗುಂಪಿಗೆ ಇಳಿಯಿತು. ಒಂದು, ಕೆಆರ್‌ಎಸ್ ನೀರಿನ ಮಟ್ಟದ ಪುಟ. ಇನ್ನೊಂದು, ಬೆಲ್ಲದ ಬಗ್ಗೆ ಬರೆದ ಆರೇಳು ಬರಹ. ಕಬ್ಬಿನ ತಳಿ, ಭತ್ತದ ನಾಟಿ, ರೇಷ್ಮೆ ಇವೆಲ್ಲ ಇದ್ದಂತೆಯೇ ಇದ್ದವು.

ಮೊದಲ ಗುಂಪು ನೋಡಿ. 2024ರಲ್ಲಿ ಅಣೆಕಟ್ಟೆ ತುಂಬಿದ್ದು ಜುಲೈ ಕೊನೆಯ ಹೊತ್ತಿಗೆ. ಆ ತಿಂಗಳು ಪೂರ್ತಿ ಜನ ದಿನಕ್ಕೆರಡು ಸಲ ಮಟ್ಟ ನೋಡುತ್ತಿದ್ದರು, ಪೂರ್ಣ ಮಟ್ಟವಾದ 124.80 ಅಡಿ ಯಾವತ್ತು ಮುಟ್ಟುತ್ತದೆ ಅಂತ. ಅದರ ಹಿಂದಿನ ವರ್ಷ ಬರ ಅನುಭವಿಸಿದ್ದ ರೈತರ ಆತಂಕ ಅದು. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿತು, ಜೂನ್ 30ಕ್ಕೆ ಮುಖ್ಯಮಂತ್ರಿ ಬಾಗಿನವನ್ನೂ ಅರ್ಪಿಸಿದರು. ತುಂಬಿದ ಕಟ್ಟೆಯ ಮಟ್ಟವನ್ನು ಜುಲೈನಲ್ಲಿ ಯಾರು ಹುಡುಕುತ್ತಾರೆ? ಪುಟದ ಪೊಸಿಷನ್ 2ರಲ್ಲೇ ಇತ್ತು. ಕ್ಲಿಕ್ ಕಡಿಮೆಯಾದದ್ದು ನೀರು ಬಂದದ್ದಕ್ಕೆ. ರೈತನ ಮಗನಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ! ಆ ಪುಟದಲ್ಲಿ ಸರಿಪಡಿಸುವುದು ಏನೂ ಇರಲಿಲ್ಲ.

ಎರಡನೆಯ ಗುಂಪು ಬೇರೆ. "ಬೆಲ್ಲ ಮಾಡುವ ವಿಧಾನ" ಅನ್ನುವ ಬರಹ 3ನೆಯ ಜಾಗದಿಂದ 17ಕ್ಕೆ ಹೋಗಿತ್ತು. ಅಂದರೆ ಎರಡನೆಯ ಪುಟಕ್ಕೆ. ದಿನದಿನದ ಗೆರೆ ನೋಡಿದರೆ ಇಳಿಯಲು ಶುರುವಾದದ್ದು ಜುಲೈ ಮೊದಲ ವಾರ. ಗೂಗಲ್ ತನ್ನ ದೊಡ್ಡ ಬದಲಾವಣೆಗಳನ್ನು ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡಿನಲ್ಲಿ ತಾರೀಖು ಸಮೇತ ಹಾಕುತ್ತದೆ. ತೆಗೆದು ನೋಡಿದೆವು: ಕೋರ್ ಅಪ್‌ಡೇಟ್, ಅಂದರೆ ಯಾವ ಪುಟ ಮೇಲೆ ಅಂತ ತೀರ್ಮಾನಿಸುವ ವ್ಯವಸ್ಥೆಗೇ ಆದ ಬದಲಾವಣೆ, ಜೂನ್ 30ಕ್ಕೆ ಶುರು, ಜುಲೈ 17ಕ್ಕೆ ಮುಕ್ತಾಯ. ಅತ್ತ ಬಾಗಿನ ಬಿಟ್ಟ ದಿನವೇ ಇತ್ತ ಅಪ್‌ಡೇಟ್ ಶುರುವಾಗಿತ್ತು. ಎರಡು ಕಾರಣ, ಒಂದೇ ದಿನ, ಒಂದೇ ಗ್ರಾಫಿನಲ್ಲಿ ಒಂದೇ ಇಳಿಜಾರು. ಪುಟ ಬಿಡಿಸಿ ನೋಡದಿದ್ದರೆ ಇದು ಗೊತ್ತಾಗುವ ಬಗೆಯೇ ಇರಲಿಲ್ಲ. ಹಾಗಾಗಿಯೇ ನಾನು ಇಡೀ ತಾಣದ ಗ್ರಾಫನ್ನು ನಂಬುವುದಿಲ್ಲ. ಪುಟಕ್ಕೆ ಇಳಿಯಿರಿ, ಪುಟದಿಂದ ಹುಡುಕಾಟದ ಪದಕ್ಕೆ ಇಳಿಯಿರಿ.

ಬೆಲ್ಲಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು, ಎಲ್ಲವೂ ಒಟ್ಟಿಗೆ ನೆಲ ಕಚ್ಚಿದ ಕಥೆ ಹೇಳಬೇಕು. ಅದು ನನ್ನದೇ.

ಕೆಲವು ವರ್ಷದ ಹಿಂದೆ ನಮ್ಮ ತಾಣವನ್ನು ಹಳೆಯ ವ್ಯವಸ್ಥೆಯಿಂದ ವರ್ಡ್‌ಪ್ರೆಸ್‌ಗೆ ಸಾಗಿಸಿದೆವು. ಕೆಲಸ ಮಾಡಿಕೊಟ್ಟವರು ಹೊರಗಿನವರು. ಪುಟ ಚೆನ್ನಾಗಿ ಕಾಣುತ್ತಿತ್ತು, ಬೇಗ ತೆರೆಯುತ್ತಿತ್ತು. ಎರಡು ವಾರದಲ್ಲಿ ಹುಡುಕಾಟದಿಂದ ಬರುವವರು ಹತ್ತರಲ್ಲಿ ಒಂದು ಪಾಲು ಉಳಿದರು. ನನ್ನ ಹಳೆಯ ವಿಳಾಸಗಳೆಲ್ಲ ಪೂರ್ತಿ ಕನ್ನಡದಲ್ಲಿದ್ದವು, ಶೀರ್ಷಿಕೆ ಹೇಗಿದೆಯೋ ಹಾಗೆ. ಹೊಸ ವಿಳಾಸಗಳೂ ಕನ್ನಡದಲ್ಲೇ ಇದ್ದವು, ಮೇಲ್ನೋಟಕ್ಕೆ ಅವೇ. ಆದರೆ ತುದಿ ತುಂಡಾಗಿತ್ತು.

ಇದು ಕನ್ನಡದಲ್ಲಿ ಬರೆಯುವ ಎಲ್ಲರಿಗೂ ತಗಲುವ ವಿಷಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. "ಕಬ್ಬಿನ" ಅನ್ನುವ ಪದ ನಮಗೆ ಮೂರಕ್ಷರ. ಯಂತ್ರಕ್ಕೆ ಅದು ಆರು: ಕ, ಬ, ವಿರಾಮದ ಗುರುತು, ಮತ್ತೆ ಬ, ಗುಡಿಸು, ನ. ಯುನಿಕೋಡಿನ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದೊಳಗೆ ಹೋಗುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರವಾಗಿ ಹಿಗ್ಗುತ್ತದೆ. ಅಂದರೆ ಒಂದು ಸಂಕೇತಕ್ಕೆ ಒಂಬತ್ತು ಜಾಗ. "ಕಬ್ಬಿನ" ಒಂದಕ್ಕೇ 54. ವರ್ಡ್‌ಪ್ರೆಸ್ ಬರಹದ ವಿಳಾಸಕ್ಕೆ ಕೊಡುವುದು ಒಟ್ಟು 200 ಜಾಗ. "ಕಬ್ಬಿನ-ಬೆಳೆಗೆ-ಗೊಬ್ಬರ" ಅನ್ನುವಷ್ಟರಲ್ಲಿ 164 ಖರ್ಚಾಗಿರುತ್ತದೆ. ಮುಂದಿನ "ಕೊಡುವ" ಅನ್ನುವ ಪದದಲ್ಲಿ "ಕೊಡ" ತನಕ ಹೋಗಿ ಕತ್ತರಿ ಬೀಳುತ್ತದೆ. ಶೀರ್ಷಿಕೆ "ಕೊಡುವ ವಿಧಾನ" ಅಂತಿದ್ದರೂ "ಕೊಡುವ ಸಮಯ" ಅಂತಿದ್ದರೂ ವಿಳಾಸ ಒಂದೇ ಆಗುತ್ತದೆ, ಎರಡನೆಯದಕ್ಕೆ ಬಾಲದಲ್ಲಿ ಒಂದು 2 ಅಂಟುತ್ತದೆ. ನನ್ನ ತಾಣದಲ್ಲಿ ಹೀಗೆ ಮುನ್ನೂರಕ್ಕೂ ಹೆಚ್ಚು ಬರಹಗಳ ವಿಳಾಸ ಬದಲಾಗಿತ್ತು. ಗೂಗಲ್ ಹಳೆಯ ವಿಳಾಸಕ್ಕೆ ಬಂದು ಬಾಗಿಲು ತಟ್ಟುತ್ತಿತ್ತು, ಒಳಗೆ ಯಾರೂ ಇಲ್ಲ.

ಅದರ ಮೇಲೆ ಇನ್ನೊಂದು. ಸಾಗಿಸಿಕೊಟ್ಟವರು ಸಿಗದ ವಿಳಾಸಗಳನ್ನೆಲ್ಲ ಸಾರಾಸಗಟಾಗಿ ಮುಖಪುಟಕ್ಕೆ ರೀಡೈರೆಕ್ಟ್ ಮಾಡಿದ್ದರು, ಅಂದರೆ ತಾನಾಗಿ ಅತ್ತ ತಿರುಗುವಂತೆ ಇಟ್ಟಿದ್ದರು. ಓದುಗರು ತಪ್ಪು ಸಂದೇಶ ನೋಡದಿರಲಿ ಅಂತ. ಚಾಮುಂಡಿ ಬೆಟ್ಟದ ಮೆಟ್ಟಿಲ ಬಗ್ಗೆ ಓದಲು ಬಂದವರನ್ನು ಮುಖಪುಟದಲ್ಲಿ ನಿಲ್ಲಿಸಿದರೆ ಅವರಿಗೆ ಏನು ಪ್ರಯೋಜನ? ಗೂಗಲ್ ಕೂಡ ಅದನ್ನು ಒಪ್ಪುವುದಿಲ್ಲ. ಸಂಬಂಧವಿಲ್ಲದ ಪುಟಕ್ಕೆ ಕಳಿಸಿದರೆ ಅದನ್ನು ಸಾಫ್ಟ್ 404 ಅಂತ ಪರಿಗಣಿಸುತ್ತದೆ, ಅಂದರೆ ಪುಟ ಇಲ್ಲ ಅಂತಲೇ ಲೆಕ್ಕ. ಹಳೆಯ ಬರಹ ಗಳಿಸಿದ್ದ ಮರ್ಯಾದೆ ಹೊಸದಕ್ಕೆ ದಾಟುವುದಿಲ್ಲ. ಸರ್ಚ್ ಕನ್ಸೋಲಿನ ಪುಟಗಳ ಇಂಡೆಕ್ಸಿಂಗ್ ವರದಿಯಲ್ಲಿ (ಗೂಗಲ್ ಯಾವ ಪುಟ ಸೇರಿಸಿಕೊಂಡಿದೆ, ಯಾವುದನ್ನು ಬಿಟ್ಟಿದೆ ಅನ್ನುವ ಲೆಕ್ಕ) ಅದೆಲ್ಲ ಅಂಕಿ ಸಮೇತ ಇತ್ತು. ನಾನು ಆ ವರದಿ ತೆರೆದು ನೋಡಿದ್ದು ಒಂದೂವರೆ ತಿಂಗಳಾದ ಮೇಲೆ. ಅಷ್ಟು ದಿನ ಬರಹ ಚೆನ್ನಾಗಿಲ್ಲ ಅಂದುಕೊಂಡು ಒಳ್ಳೆಯ ಬರಹಗಳನ್ನೇ ತಿದ್ದುತ್ತಾ ಕೂತಿದ್ದೆ. ಇವತ್ತಿಗೂ ಅದು ನನಗೆ ನೋವಿನ ವಿಷಯ.

ಸರಿಪಡಿಸಿದ್ದು ಹೇಗೆ ಅಂದರೆ, ಹಳೆಯ ವಿಳಾಸಗಳನ್ನು ಮೊದಲು ಕೂಡಿಹಾಕಿದೆವು. ಸರ್ಚ್ ಕನ್ಸೋಲಿನಿಂದ ಪಟ್ಟಿ ಇಳಿಸಿಕೊಂಡೆವು, ಅದು ಒಂದು ಸಲಕ್ಕೆ 1000 ಸಾಲು ಕೊಡುತ್ತದೆ. ತಾಣದ ವಿಳಾಸಗಳ ಪಟ್ಟಿ ಇರುವ ಹಳೆಯ ಸೈಟ್‌ಮ್ಯಾಪ್ ಫೈಲು ಯಾರದೋ ಮೇಲ್‌ನಲ್ಲಿ ಸಿಕ್ಕಿತು. ಉಳಿದದ್ದು ತಾಣಗಳ ಹಳೆಯ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನಿನಲ್ಲಿ ಇತ್ತು. ಎಕ್ಸೆಲ್‌ನಲ್ಲಿ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು, ಒಂದೊಂದನ್ನೂ ಕಣ್ಣಿಂದ ನೋಡಿ ಜೋಡಿಸಿ 301 ರೀಡೈರೆಕ್ಟ್ (ಪುಟ ಶಾಶ್ವತವಾಗಿ ಹೊಸ ವಿಳಾಸಕ್ಕೆ ಹೋಗಿದೆ ಅನ್ನುವ ಸೂಚನೆ) ಹಾಕಿದೆವು. ನನ್ನ ತಂಗಿಯೂ ನಾನೂ ಹನ್ನೊಂದು ರಾತ್ರಿ ಕೂತೆವು. ಮೊದಲ ವಾರದಲ್ಲೇ ಕೆಲವು ಪುಟ ಮೇಲೆದ್ದವು, ಪೂರ್ತಿ ಬರಲು ನಾಲ್ಕು ತಿಂಗಳು ಹಿಡಿಯಿತು. ಆ ರೀಡೈರೆಕ್ಟುಗಳನ್ನು ಕನಿಷ್ಠ ಒಂದು ವರ್ಷವಾದರೂ ಇಡಿ ಅಂತ ಗೂಗಲ್ ಹೇಳುತ್ತದೆ. ನಾನು ತೆಗೆದೇ ಇಲ್ಲ, ತೆಗೆಯುವುದೂ ಇಲ್ಲ. ಹೊಸ ಬರಹಗಳಿಗೆ ವಿಳಾಸವನ್ನು ಈಗ ನಾನೇ ಕೈಯಿಂದ ಕೊಡುತ್ತೇನೆ, ಎರಡು ಮೂರು ಪದದಲ್ಲಿ.

ಯಂತ್ರದ ಕಡೆ ನೋಡಬೇಕಾದ್ದು ಇನ್ನೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಸರ್ಚ್ ಎಂಜಿನ್ನುಗಳನ್ನು ದೂರವಿಡುವ ಒಂದು ಟಿಕ್ ಇದೆ. ತಾಣ ಕಟ್ಟುವಾಗ ಹಾಕಿದ್ದನ್ನು ತೆಗೆಯಲು ಮರೆತವರನ್ನು ಎಷ್ಟೋ ಸಲ ನೋಡಿದ್ದೇನೆ. ಯಾವ ಪುಟಕ್ಕೆ ಬರಬಾರದು ಅಂತ ಸರ್ಚ್ ಎಂಜಿನ್ನುಗಳಿಗೆ ಹೇಳುವ ರೋಬೋಟ್ಸ್ ಫೈಲು ತೆರೆದು ನೋಡಿ. ಅಸಲಿ ಪುಟ ಯಾವುದು ಅಂತ ಹೇಳುವ ಕೆನಾನಿಕಲ್ ಗುರುತು ಬೇರೆ ಪುಟಕ್ಕೆ ಬೊಟ್ಟು ಮಾಡುತ್ತಿದೆಯೇ ನೋಡಿ. ಗೂಗಲ್ ಈಗ ತಾಣವನ್ನು ಓದುವುದು ಮೊಬೈಲ್ ಕಣ್ಣಿನಿಂದ. ಕಂಪ್ಯೂಟರಿನಲ್ಲಿ ಕಾಣುವ ಪ್ಯಾರಾ ಮೊಬೈಲಿನಲ್ಲಿ ಇಲ್ಲದಿದ್ದರೆ ಅದು ಇಲ್ಲ ಅಂತಲೇ ಅರ್ಥ. ತಾಣ ದುರಸ್ತಿಗೆ ಒಂದು ದಿನ ಮುಚ್ಚುವುದಾದರೆ 503 (ಸದ್ಯಕ್ಕೆ ಮುಚ್ಚಿದೆ) ಕೊಡಿ, 404 (ಪುಟವೇ ಇಲ್ಲ) ಬೇಡ. ಸರ್ಚ್ ಕನ್ಸೋಲಿನ ಮ್ಯಾನುವಲ್ ಆಕ್ಷನ್ (ಗೂಗಲ್ ಸಿಬ್ಬಂದಿ ವಿಧಿಸಿದ ಶಿಕ್ಷೆ) ಮತ್ತು ಸೆಕ್ಯುರಿಟಿ ಪುಟಗಳನ್ನು ತಪ್ಪದೆ ತೆರೆಯಿರಿ. ಒಂದು ದೇವಸ್ಥಾನದ ತಾಣದಲ್ಲಿ ಸೇವೆಗಳ ಪಟ್ಟಿ ಹುಡುಕಿದರೆ ಫಲಿತಾಂಶದಲ್ಲಿ ಜಪಾನಿ ಅಕ್ಷರದ ಶೀರ್ಷಿಕೆಗಳು ಬರುತ್ತಿದ್ದವು. ಹಳೆಯ ಪ್ಲಗಿನ್ ಮೂಲಕ ಯಾರೋ ಒಳನುಗ್ಗಿ ನಕಲಿ ಸರಕು ಮಾರುವ ಸಾವಿರಾರು ಪುಟ ತುರುಕಿದ್ದರು. ಅರ್ಚಕರ ಮನೆಯವರು ಆರು ತಿಂಗಳಿಂದ ಗಮನಿಸಿರಲಿಲ್ಲ, ಏಕೆಂದರೆ ತಾಣ ತೆರೆದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಇನ್ನೊಂದು ಕಾಯಿಲೆ ನಮ್ಮ ಲಿಪಿಗೇ ಸೇರಿದ್ದು. ಇಲ್ಲಿ ಹಳಬರು ಕೆಲವರು ಇದ್ದೀರಿ, ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ತಿರುಗಿಸಿ ತಾಣಕ್ಕೆ ಹಾಕಿದ್ದೀರಿ. ಆ ಪುಟ ತೆರೆದು "ಕರ್ನಾಟಕ" ಅಂತ ಹುಡುಕಿ ನೋಡಿ. ಕಣ್ಣಿಗೆ ಕಾಣುವ ಪದ ಹುಡುಕಿದರೆ ಸಿಗದೇ ಇದ್ದರೆ, ಅಲ್ಲಿರುವುದು "ಕನಾ೯ಟಕ". ಅರ್ಕಾವೊತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತಿದೆ. ಸೊನ್ನೆಯದ್ದೂ ಅದೇ ಪಾಡು: "ಅಂಗಡಿ" ಬದಲು "ಅ೦ಗಡಿ", ಅನುಸ್ವಾರದ ಜಾಗದಲ್ಲಿ ಅಂಕೆ ಸೊನ್ನೆ. ಮನುಷ್ಯನ ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಪದದ ನಡುವೆ ಅಂಕೆ ಬಂದಂತೆ. ಶೀರ್ಷಿಕೆಯಲ್ಲೇ ಹೀಗಿದ್ದರೆ ಆ ಬರಹ ಹುಡುಕುವವರಿಗೆ ಸಿಗಲಿ ಅಂತ ಹೇಗೆ ಬಯಸುವುದು? ಅಕ್ಷರಗಳ ನಡುವೆ ಸಿಕ್ಕಿಕೊಂಡ ೯ ಮತ್ತು ೦ ಹುಡುಕಿ ಬದಲಿಸುವುದು ಒಂದು ಸಂಜೆಯ ಕೆಲಸ. ನಿಜವಾದ ಅಂಕೆಗಳು ಕೆಡದಂತೆ ಒಂದೊಂದಾಗಿ ನೋಡಿ ಬದಲಿಸಿ. ಹತ್ತು ವರ್ಷ ಹಳೆಯ ಒಳ್ಳೊಳ್ಳೆಯ ಬರಹಗಳು ಈ ಎರಡು ಅಂಕೆಗಳ ದೆಸೆಯಿಂದ ಕತ್ತಲಲ್ಲಿ ಕೂತಿವೆ ಅನ್ನುವುದು ನನಗೆ ಸಹಿಸಲಾಗದ ವಿಷಯ.

ಸರಿ, ಬೆಲ್ಲ. ಕೋರ್ ಅಪ್‌ಡೇಟ್‌ನಲ್ಲಿ ಕೆಳಗೆ ಹೋದರೆ ಅದು ಶಿಕ್ಷೆ ಅಲ್ಲ. ಮ್ಯಾನುವಲ್ ಆಕ್ಷನ್ ಬೇರೆ, ಅದರಲ್ಲಿ ತಪ್ಪು ಇಂಥದ್ದು ಅಂತ ಬರೆದು ತಿಳಿಸುತ್ತಾರೆ, ತಿದ್ದಿ ಮರುಪರಿಶೀಲನೆಗೆ ಕೇಳಬಹುದು. ಕೋರ್ ಅಪ್‌ಡೇಟ್‌ನಲ್ಲಿ ಯಾರ ಹೆಸರಿನ ಮೇಲೂ ಗೆರೆ ಎಳೆಯುವುದಿಲ್ಲ. ಎಲ್ಲರ ಪೇಪರನ್ನೂ ಮತ್ತೊಮ್ಮೆ ತಿದ್ದಿದಂತೆ. ಗೂಗಲ್ ಮಾಡಿದ 2011ರ ಪಾಂಡಾ ಬದಲಾವಣೆಯಿಂದ ಹಿಡಿದು 2022ರ ಹೆಲ್ಪ್‌ಫುಲ್ ಕಂಟೆಂಟ್‌ವರೆಗೆ, ಅದನ್ನು 2024ರ ಮಾರ್ಚ್‌ನಲ್ಲಿ ಕೋರ್ ವ್ಯವಸ್ಥೆಯೊಳಗೇ ಸೇರಿಸಿದ್ದರವರೆಗೆ, ಹೋಗುತ್ತಿರುವ ದಿಕ್ಕು ಒಂದೇ: ಬೇರೆಯವರು ಹೇಳಿದ್ದನ್ನೇ ತಿರುವಿ ಹೇಳುವ ಪುಟಕ್ಕೆ ಬೆಲೆ ಕಡಿಮೆ. ಅಪ್‌ಡೇಟ್ ಮುಗಿದು ಒಂದು ವಾರವಾದರೂ ಕಳೆಯಲಿ, ಆಮೇಲೆ ಅದಕ್ಕೆ ಮುಂಚಿನ ಒಂದು ವಾರದ ಜೊತೆ ಹೋಲಿಸಿ. 2ರಿಂದ 4ಕ್ಕೆ ಇಳಿದಿದ್ದರೆ ಮುಟ್ಟಬೇಡಿ. ಮೊದಲ ಪುಟದಿಂದಲೇ ಆಚೆ ಬಿದ್ದಿದ್ದರೆ ಕೂತು ಓದಿ.

ಓದಿ ಅಂದೆನಲ್ಲ, ನಾವು ಅದನ್ನೇ ಮಾಡಿದೆವು. ಈಗ ಮೇಲಿರುವ ಐದು ಪುಟಗಳನ್ನು ತೆರೆದು, ಅವನ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ಜೋರಾಗಿ ಓದಿದೆವು. ಐದು ನಿಮಿಷದಲ್ಲಿ ಅವನೇ ತಲೆ ತಗ್ಗಿಸಿದ. "ಅಕ್ಕ, ಇದ್ನ ನಾನು ಬೇರೆ ಸೈಟ್‌ಗಳ್ ನೋಡ್ಕಂಡೇ ಬರ್ದಿದ್ದು" ಅಂದ. ಆಲೆಮನೆ ಅವನ ಊರಿನಿಂದ ಎರಡು ಕಿಲೋಮೀಟರ್ ದೂರ. ಅವನ ಅಜ್ಜ ಗಾಣಕ್ಕೆ ಕಬ್ಬು ಕೊಟ್ಟವರು. ಆದರೂ ಬರಹದಲ್ಲಿ ಇದ್ದದ್ದು "ಕಬ್ಬಿನ ರಸವನ್ನು ಕುದಿಸಿ ಬೆಲ್ಲ ತಯಾರಿಸಲಾಗುತ್ತದೆ" ಅನ್ನುವಂಥ ಸಾಲು. ಅದನ್ನು ಬರೆಯಲು ಮಂಡ್ಯದಲ್ಲಿ ಹುಟ್ಟಬೇಕೇ?

ಆಮೇಲೆ ಹುಡುಕಾಟದ ಪದಗಳನ್ನು ನೋಡಿದೆವು. ಹಿಂದಿನ ವರ್ಷ ಜನ ಆ ಪುಟಕ್ಕೆ ಬರುತ್ತಿದ್ದದ್ದು ಬೆಲ್ಲ ಮಾಡುವುದು ಹೇಗೆ ಅಂತ ಕೇಳಿಕೊಂಡು. ಈಗ ಇಂಪ್ರೆಶನ್ ಹೆಚ್ಚಿದ್ದದ್ದು ಕೆಮಿಕಲ್ ಇಲ್ಲದ ಬೆಲ್ಲ ಯಾವುದು, ಅಸಲಿ ಬೆಲ್ಲ ಗುರುತಿಸುವುದು ಹೇಗೆ ಅನ್ನುವುದಕ್ಕೆ. ಅವೂ ಅರ್ಧಕ್ಕರ್ಧ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ. ರೈತ ಕೇಳುತ್ತಿದ್ದ ಪ್ರಶ್ನೆಯ ಜಾಗಕ್ಕೆ ಅಡುಗೆಮನೆಯ ಪ್ರಶ್ನೆ ಬಂದಿತ್ತು. ಬರಹ ಹಳೆಯ ಪ್ರಶ್ನೆಗೇ ಉತ್ತರ ಹೇಳುತ್ತಾ ನಿಂತಿತ್ತು.

ಅವನನ್ನು ಆಲೆಮನೆಗೆ ಕಳಿಸಿದೆ. ಒಂದು ದಿನ ಅಲ್ಲ, ಮೂರು ದಿನ ಹೋಗಿ ಬಂದ. ಮೊದಲ ದಿನ ಅವರು ಮಾತೇ ಆಡಲಿಲ್ಲವಂತೆ, ಕೆಲಸ ಬಿಟ್ಟು ಯಾರು ಮಾತಾಡುತ್ತಾರೆ. ಎರಡನೆಯ ದಿನ ಕೊಪ್ಪರಿಗೆ ಪಕ್ಕ ಕೂರಿಸಿಕೊಂಡರು. ರಸ ಕಾಯುವಾಗ ಸುಣ್ಣದ ತಿಳಿ ಎಷ್ಟು ಹೊತ್ತಿಗೆ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಹಾಕಿದಾಗ ಕೊಳೆ ನೊರೆಯಾಗಿ ಹೇಗೆ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ಎಷ್ಟು ಸಲ ತೆಗೆಯುತ್ತಾರೆ, ಪಾಕ ಬಂತೋ ಇಲ್ಲವೋ ಅಂತ ಒಂದು ಹನಿ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು ಹೇಗೆ, ಎಲ್ಲ ಬರೆದುಕೊಂಡ. ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕಿದ ಅಚ್ಚು ಮತ್ತು ಹಾಕದ ಅಚ್ಚನ್ನು ಒಂದೇ ಬಿಸಿಲಲ್ಲಿ ಪಕ್ಕಪಕ್ಕ ಇಟ್ಟು ಫೋಟೊ ತೆಗೆದ. ಒಂದು ತಿಳಿ ಹಳದಿ, ಇನ್ನೊಂದು ಕಂದು. ಹೈಡ್ರೋಸ್ ಯಾಕೆ ಹಾಕುತ್ತೀರಿ ಅಂತ ಕೇಳಿದ್ದಕ್ಕೆ ಆಲೆಮನೆಯ ಹಿರಿಯರು ಕೊಟ್ಟ ಉತ್ತರವನ್ನೂ ಹಾಗೇ ಹಾಕಿದ: ಕಪ್ಪಗಿದ್ರೆ ಮಂಡೀಲಿ ರೇಟ್ ಕಟ್ ಮಾಡ್ತಾರೆ ಕಣಪ್ಪ, ಬೆಳ್ಳಗಿರೋದೇ ಬೇಕು ಅಂತಾರೆ.

ಆ ಒಂದು ಸಾಲು ಅವನು ನೋಡಿ ಬರೆದ ಯಾವ ಸೈಟಿನಲ್ಲೂ ಇರಲಿಲ್ಲ. ಬೆಲ್ಲದ ಬಗ್ಗೆ ಇದ್ದ ಏಳು ಬರಹಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಬೇರೆ ಬೇರೆ ಮಾತಲ್ಲಿ ಹೇಳುತ್ತಿದ್ದವು. ಅವನ್ನು ಒಂದರೊಳಗೆ ಸೇರಿಸಿ, ಉಳಿದ ಮೂರು ವಿಳಾಸಗಳಿಂದ 301 ಕೊಟ್ಟೆವು. ಹಳೆಯ ಬರಹದ ತಾರೀಖು ಮಾತ್ರ ಬದಲಿಸಿ ಹೊಸದು ಅಂತ ತೋರಿಸುವುದು, ದುಡ್ಡು ಕೊಟ್ಟು ಲಿಂಕ್ ಹಾಕಿಸುವುದು, ಇವೆರಡನ್ನೂ ಮಾಡಬೇಡ ಅಂತ ಕೈಮುಗಿದು ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಪದಗಳ ಮಾತು ಬಂದಾಗ ಊರಿನ ಹೆಸರೂ ನೆನಪಿಗೆ ಬಂತು. 2014ರ ನವೆಂಬರ್ 1ರಿಂದ ಇಂಗ್ಲಿಷ್‌ನಲ್ಲೂ ನಮ್ಮ ಊರು ಮೈಸೂರು. ಆದರೆ ಹೊರಗಿನವರು ಇವತ್ತಿಗೂ ಮೈಸೋರ್ ಅಂತಲೇ ಟೈಪ್ ಮಾಡುತ್ತಾರೆ. ನಿಮ್ಮ ಪುಟಕ್ಕೆ ಯಾವ ಕಾಗುಣಿತದಿಂದ ಜನ ಬರುತ್ತಿದ್ದಾರೆ ಅಂತ ಹುಡುಕಾಟದ ಪದಗಳಲ್ಲಿ ನೋಡಿ, ಬರಹದೊಳಗೆ ಒಂದು ಕಡೆ ಸಹಜವಾಗಿ ಆ ರೂಪವೂ ಬರಲಿ.

ಕ್ಲಿಕ್ ಮಾತ್ರ ಇಳಿದವರಿಗೆ ಒಂದು ಮಾತು ಬಾಕಿ ಇದೆ. ಎಐ ಓವರ್‌ವ್ಯೂ (ಫಲಿತಾಂಶಗಳ ಮೇಲೆ ಗೂಗಲ್ ತಾನೇ ಎಐಯಿಂದ ಬರೆದು ತೋರಿಸುವ ಉತ್ತರ) ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ, ಭಾರತದಲ್ಲಿ ಅದೇ ವರ್ಷದ ಆಗಸ್ಟ್‌ನಲ್ಲಿ ಬಂತು. ಉತ್ತರ ಮೇಲೇ ಸಿಕ್ಕಿದರೆ ಕೆಳಗಿನ ಪುಟ ತೆರೆಯುವವರು ಕಡಿಮೆಯಾಗುತ್ತಾರೆ. ಸರ್ಚ್ ಕನ್ಸೋಲ್ ಅದನ್ನು ವೆಬ್ ಲೆಕ್ಕದಲ್ಲೇ ಬೆರೆಸಿ ಕೊಡುವುದರಿಂದ, ನೀವೇ ಆ ಪದ ಹುಡುಕಿ ಪುಟ ಹೇಗೆ ಕಾಣುತ್ತದೆ ಅಂತ ಕಣ್ಣಾರೆ ನೋಡಬೇಕು. ಒಂದು ಸಾಲಿನ ಉತ್ತರ ಕೊಡುವ ಪುಟಗಳ ಆ ಕ್ಲಿಕ್ ವಾಪಸ್ ಬರುತ್ತದೆ ಅಂತ ನಾನು ನಿಮಗೆ ಸುಳ್ಳು ಭರವಸೆ ಕೊಡುವುದಿಲ್ಲ. ನಂಜನಗೂಡು ರಸಬಾಳೆ ಅಂದರೇನು ಅನ್ನುವ ಪುಟಕ್ಕೆ ಬರುವವರು ಕಡಿಮೆಯಾಗಬಹುದು. ಸೊರಗು ರೋಗ ಬಂದ ತೋಟದಲ್ಲಿ ನಿಮ್ಮ ಚಿಕ್ಕಪ್ಪ ಏನು ಮಾಡಿದರು, ಯಾವುದು ಉಳಿಯಿತು ಅನ್ನುವ ಪುಟಕ್ಕೆ ಜನ ಬಂದೇ ಬರುತ್ತಾರೆ.

ಎಷ್ಟು ದಿನ ಕಾಯಬೇಕು ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದಿರಿ. ಯಂತ್ರದ ದೋಷ ಸರಿಮಾಡಿದರೆ ದಿನಗಳಲ್ಲಿ, ವಾರಗಳಲ್ಲಿ ಫಲ ಕಾಣುತ್ತದೆ. ಬರಹದ ಗುಣ ಸುಧಾರಿಸಿದ್ದಕ್ಕೆ ತಿಂಗಳುಗಳು ಬೇಕು, ಕೆಲವು ಸಲ ಮುಂದಿನ ಕೋರ್ ಅಪ್‌ಡೇಟ್‌ವರೆಗೂ ಕಾಯಬೇಕಾಗುತ್ತದೆ. ಅಲ್ಲಿತನಕ ಒಂದು ನೋಟ್‌ಬುಕ್ ಇಡಿ. ಯಾವ ತಾರೀಖು ಯಾವ ಪುಟದಲ್ಲಿ ಏನು ಬದಲಿಸಿದೆ ಅಂತ ಕೈಯಲ್ಲೇ ಬರೆಯಿರಿ. ಮಂಡ್ಯದ ಹುಡುಗ ಆ ಆಗಸ್ಟ್‌ನಿಂದ ಬರೆಯುತ್ತಿದ್ದಾನೆ. ಬೆಲ್ಲದ ಪುಟ ಸೆಪ್ಟೆಂಬರ್ ಪೂರ್ತಿ 15, 16ರಲ್ಲೇ ಇತ್ತು, ನವೆಂಬರ್ ಹೊತ್ತಿಗೆ 8ಕ್ಕೆ ಬಂತು. "ಬೆಲ್ಲ ಮಾಡುವ ವಿಧಾನ" ಅನ್ನುವ ಪದಕ್ಕೆ ಹಳೆಯ 3 ಇನ್ನೂ ಸಿಕ್ಕಿಲ್ಲ, ಕೆಮಿಕಲ್ ಇಲ್ಲದ ಬೆಲ್ಲದ ಪ್ರಶ್ನೆಗೆ ಮಾತ್ರ ಅವನ ಪುಟವೇ ಮೊದಲು ಬರುತ್ತಿದೆ. ಬುಟ್ಟಿಯಿಂದ ವಾಪಸ್ ತೆಗೆದ ನಲವತ್ತು ಬರಹಗಳಲ್ಲಿ ಆರನ್ನು ಈಗಾಗಲೇ ಹೊಸದಾಗಿ ಬರೆದಿದ್ದಾನೆ. ಏಳನೆಯದು ನಾಲೆ ಕೊನೆಯ ಭಾಗದ ಗದ್ದೆಗಳ ಬಗ್ಗೆ. ಅದಕ್ಕಾಗಿ ಹೋದ ಭಾನುವಾರ ನಾಲೆ ಏರಿಯ ಮೇಲೆ ನಡೆದುಕೊಂಡು ಹೋಗಿದ್ದೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದ.